ಒಂದು ಸೀಟು, ನಾಲ್ಕು ಬೋಲ್ಟು

ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಫೋನು ಬಂತೆಂದರೆ ಒಂದೋ ಸಂಘದ ಮೀಟಿಂಗು, ಇಲ್ಲವೇ ಊರಿನ ಪೂಜೆಯ ರಸೀದಿ ಪುಸ್ತಕ. ಆದರೆ ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ಭಾನುವಾರ ಬಂದ ಫೋನು ಎರಡೂ ಅಲ್ಲ. ಪಕ್ಕದ ಸೊಸೈಟಿಯ ನನ್ನ ಹಳೇ ಗೆಳೆಯರು. "ನಮ್ಮ ಹುಡುಗ ಒಂದು ಹಳೇ ಕಾರು ತಂದಿದ್ದಾನೆ ಮಾರಾಯ್ರೆ. ಇರುವುದೇ ಎರಡು ಸೀಟು. ಅದರಲ್ಲಿ ಒಂದನ್ನು ಕಿತ್ತು ರೇಸಿನ ಸೀಟು ಕೂರಿಸ್ತಾನಂತೆ. ನೀವು ಸೀಟಿನ ಕಂಪನಿಯಲ್ಲಿ ಇದ್ದವರಲ್ವಾ, ಒಮ್ಮೆ ಬಂದು ನೋಡಿ ಹೋಗಿ" ಅಂದರು.

ಸೀಟಿನ ಕಂಪನಿ ಅನ್ನುವುದು ಅವರ ಪ್ರೀತಿಯ ಮಾತು. ಅದು ಎಂಐಡಿಸಿಯ ಒಂದು ಸಣ್ಣ ಶೆಡ್ಡು. ಪೈಪು ಬಗ್ಗಿಸಿ, ವೆಲ್ಡ್ ಮಾಡಿ, ಬಸ್ಸಿಗೆ, ಟೆಂಪೋಗೆ, ಕೆಲವೊಮ್ಮೆ ಕಾರಿಗೆ ಸೀಟಿನ ಫ್ರೇಮು ಮಾಡುತ್ತಿದ್ದ ಜಾಗ. ಅಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ನಟ್ಟು, ಬೋಲ್ಟು, ವಾಷರು ಎಣಿಸಿ ಕೊಡುವುದೇ ಕೆಲಸ. ಹದಿನೇಳು ವರ್ಷ ಎಣಿಸಿದ ಮೇಲೆ ಮನುಷ್ಯನಿಗೆ ಬೋಲ್ಟಿನ ಬಗ್ಗೆ ಒಂದು ಅಭಿಪ್ರಾಯ ಬಂದೇ ಬರುತ್ತದೆ ಅನ್ನಿ.

ಗ್ಯಾರೇಜು ಇದ್ದದ್ದು ಕಲ್ಯಾಣ-ಶಿಳ್ ರಸ್ತೆಯಲ್ಲಿ, ಕಾಟಾಯಿ ನಾಕಾದ ಹತ್ತಿರ. ಹೋಗಿ ನೋಡಿದರೆ ಕೆಂಪು ಬಣ್ಣದ ಪುಟ್ಟ ಕಾರು, ಮೇಲೆ ಬಟ್ಟೆಯ ಚಾವಣಿ. ಸ್ಯಾನ್ ಸ್ಟಾರ್ಮ್! ನಮ್ಮ ಬೆಂಗಳೂರಿನ ಕಾರು. ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ನಾನು ಇದನ್ನು ರಸ್ತೆಯ ಮೇಲೆ ನೋಡಿದ್ದು ಎರಡೋ ಮೂರೋ ಸಲ. ಊರಿನವರು ಯಾರೋ ರೈಲಿನಲ್ಲಿ ಎದುರು ಸಿಕ್ಕಷ್ಟು ಖುಷಿಯಾಯಿತು.

ಖುಷಿ ಬಾಗಿಲು ತೆಗೆಯುವವರೆಗೆ ಮಾತ್ರ. ಡ್ರೈವರ್ ಕಡೆ ಹಳೇ ಸೀಟು ಹೊರಗೆ ಬಂದಿತ್ತು. ಹೊಸ ಸೀಟು, ಅಂದರೆ ತೊಟ್ಟಿಯ ಹಾಗಿರುವ, ಎರಡು ಪಕ್ಕ ಎತ್ತಿದ, ಹಿಂದಕ್ಕೆ ಬಾಗದ ರೇಸಿನ ಸೀಟು, ಒಳಗೆ ಕೂತಿತ್ತು. ಅದನ್ನು ಹಿಡಿದಿದ್ದದ್ದು ಕಿಟಕಿಯ ಗ್ರಿಲ್ಲಿಗೆ ಹಾಕುವಂಥ ಕಬ್ಬಿಣದ ಪಟ್ಟಿ, ಮುಂದೆ ಎರಡು ಬೋಲ್ಟು. ಹಿಂದಿನ ಎರಡಕ್ಕೆ ಹೊಸ ತೂತು ಕೊರೆಯಲು ಮಿಸ್ತ್ರಿ ಡ್ರಿಲ್ ಹಿಡಿದು ನಿಂತಿದ್ದರು. "ಹೋ ಜಾಯೇಗಾ ಸಾಬ್, ದಸ್ ಮಿನಿಟ್" ಅಂದರು. ನಾನು "ಭಾಯ್, ಒಂದು ಚಹಾ ಕುಡಿಯೋಣ, ಆಮೇಲೆ ಕೊರೆಯಿರಿ" ಅಂದೆ. ಹುಡುಗನ ಮುಖ ಸಣ್ಣದಾಯಿತು. "ಅಂಕಲ್, ಸೀಟು ಒರಿಜಿನಲ್ ಇದೆ, ತುಂಬಾ ಸೇಫ್" ಅಂದ.

ಸೀಟು ಒರಿಜಿನಲ್ಲೇ ಇರಬಹುದು. ಆದರೆ ಸೀಟು ನಿಮ್ಮನ್ನು ಹಿಡಿಯುವುದಾದರೆ, ಸೀಟನ್ನು ಹಿಡಿಯುವುದು ಯಾವುದು? ಚಹಾ ಕುಡಿಯುತ್ತಾ ಆ ಹುಡುಗನಿಗೆ ನಾನು ಹೇಳಿದ ಕತೆಯನ್ನೇ ಇಲ್ಲಿ ಸ್ವಲ್ಪ ಸರಿಮಾಡಿ ಬರೆಯುತ್ತಿದ್ದೇನೆ. ಕತೆ ಶುರುವಾಗುವುದು ನಮ್ಮ ವಿಶ್ವೇಶ್ವರಯ್ಯನವರಿಂದ.

ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ಎಲ್ಲರಿಗೂ ಗೊತ್ತು. ಕಾರಿನ ವಿಶ್ವೇಶ್ವರಯ್ಯ ಅಷ್ಟು ಗೊತ್ತಿಲ್ಲ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ ಅವರು ಯುರೋಪು, ಅಮೆರಿಕಾ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲೇ ಕಾರು ಮಾಡಬೇಕೆಂದು ಒಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ಕೈ ಜೋಡಿಸಿದರು. ಬೊಂಬಾಯಿಯಲ್ಲಿ ಆಗಲಿ ಅಂತ ಒಮ್ಮೆ, ಮೈಸೂರು ಸಂಸ್ಥಾನದಲ್ಲಿ ಆಗಲಿ ಅಂತ ಒಮ್ಮೆ ಮಾತು ನಡೆಯಿತು. ಮೈಸೂರಿಗೆ ಮನಸ್ಸಿತ್ತು. ಬ್ರಿಟಿಷ್ ಸರ್ಕಾರಕ್ಕೆ ಇರಲಿಲ್ಲ. ಬೆಂಗಳೂರಿನ ಕಾರು ಕಾರ್ಖಾನೆ ಕಾಗದದಲ್ಲೇ ಉಳಿಯಿತು.

ವಾಲ್‌ಚಂದ್ ಸುಮ್ಮನಿರುವವರಲ್ಲ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಇವತ್ತಿನ ಎಚ್‌ಎಎಲ್ ಅದೇ. ಕಾರಿಗೆ ಮಾತ್ರ ಬೊಂಬಾಯಿಗೇ ಬಂದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, 1947ರಲ್ಲಿ ಕುರ್ಲಾದಿಂದ ಮೊದಲ ಗಾಡಿಗಳು ಹೊರಬಂದವು. ಹೀಗೆ ಬೆಂಗಳೂರಿಗೆ ಆಕಾಶ, ಕುರ್ಲಾಕ್ಕೆ ರಸ್ತೆ ಸಿಕ್ಕಿತು. ಅದರ ಹಿಂದೆಯೇ ನಾವೂ ಕೆಲಸ ಹುಡುಕಿಕೊಂಡು ಈ ಕಡೆಗೇ ಬಂದೆವು ಅನ್ನುವುದು ಬೇರೆ ಮಾತು.

ಕುರ್ಲಾದಲ್ಲಿ ಮೊದಲು ಅಮೆರಿಕಾದ ಕ್ರೈಸ್ಲರ್ ಕಂಪನಿಯ ಗಾಡಿಗಳು, ಆಮೇಲೆ ಇಟಲಿಯ ಫಿಯೆಟ್. ಫಿಯೆಟ್ 1100 ಅನ್ನುವ ಕಾರು ಇಲ್ಲಿಯ ನೀರು ಕುಡಿದು ಇಲ್ಲಿಯದೇ ಆಯಿತು. 1974ರಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಎಂಜಿನ್ನು, ಗೇರು ಸ್ಟಿಯರಿಂಗ್ ಕಂಬದ ಮೇಲೆ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದನ್ನು ನೋಡದವರಿಲ್ಲ. ಊರಿನಿಂದ ಬಂದ ಅತ್ತೆ, ಮಾವ, ಹಲಸಿನ ಹಣ್ಣು, ಹಪ್ಪಳದ ಡಬ್ಬ ಎಲ್ಲವನ್ನೂ ದಾದರಿನಿಂದ ಹೊತ್ತು ತಂದದ್ದು ಅದೇ.

ಆ ಟ್ಯಾಕ್ಸಿಯ ಮುಂದಿನ ಸೀಟು ನೆನಪಿದೆಯಲ್ಲ? ಬೆಂಚು. ಬಾಗಿಲಿನಿಂದ ಬಾಗಿಲಿನವರೆಗೆ ಒಂದೇ ಮಂಚದ ಹಾಗೆ. ಗೇರು ಕೆಳಗೆ ಇಲ್ಲದ್ದರಿಂದ ನಡುವೆಯೂ ಒಬ್ಬರು ಕೂರಬಹುದು. ತಿರುವಿನಲ್ಲಿ ಎಲ್ಲರೂ ಒಂದು ಕಡೆಗೆ ಜಾರುವುದು, ನಗುವುದು. ಬೆಂಚಿನ ಸೀಟು ಕೂರಿಸುತ್ತದೆ, ಹಿಡಿಯುವುದಿಲ್ಲ. ಬೆಲ್ಟು ಅಂದರೆ ಆಗ ಪ್ಯಾಂಟಿಗೆ ಹಾಕುವುದು ಮಾತ್ರ. ನಮ್ಮಲ್ಲಿ ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟು ಇರಲೇಬೇಕು ಅಂತ ಆದದ್ದು 1994ರಲ್ಲಿ.

ಪ್ರೀಮಿಯರಿನವರು 1985ರಲ್ಲಿ 118ಎನ್‌ಇ ಅನ್ನುವ ಕಾರು ತಂದರು. ಫಿಯೆಟ್ 124ರ ಬಾಡಿ, ನಿಸ್ಸಾನ್ ಎಂಜಿನ್ನು. ಗೇರು ನೆಲಕ್ಕೆ ಇಳಿಯಿತು, ಮುಂದಿನ ಬೆಂಚು ಒಡೆದು ಎರಡು ಸೀಟಾಯಿತು. ಇಲ್ಲಿ ಕಲ್ಯಾಣ-ಡೊಂಬಿವಲಿಯಲ್ಲೂ ಅವರದೊಂದು ಕಾರ್ಖಾನೆ ಇತ್ತು. ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ 1990ರ ದಶಕದ ನಡುವೆ ಅಲ್ಲೇ 309 ಅನ್ನುವ ಕಾರು ಮಾಡಿದರು. ಕಾರ್ಮಿಕರ ಗಲಾಟೆ, ಹಣದ ತೊಂದರೆ, ಎಲ್ಲ ಸೇರಿ ಆ ದಶಕ ಮುಗಿಯುವ ಮೊದಲೇ ಅದು ನಿಂತುಹೋಯಿತು. ಈಗಿನ ಹುಡುಗರಿಗೆ ಪ್ರೀಮಿಯರ್ ಅಂದರೆ ಸಭೆ, ಮೆರವಣಿಗೆ ನಡೆಯುವ ಒಂದು ಮೈದಾನದ ಹೆಸರು ಅಷ್ಟೇ. ನಾವು ಚಹಾ ಕುಡಿಯುತ್ತಿದ್ದ ಗ್ಯಾರೇಜು ಅದೇ ರಸ್ತೆಯಲ್ಲೇ ಇತ್ತು.

ಬೆಂಚು ಒಡೆದು ಎರಡಾಗುವ ಕತೆ ಹೊರದೇಶದಲ್ಲಿ ಇದಕ್ಕಿಂತ ಎಷ್ಟೋ ಹಳೆಯದು. ರೇಸಿನ ಕಾರುಗಳಲ್ಲಿ ಮೊದಲಿನಿಂದಲೂ ಒಬ್ಬನೇ ಕೂರುವ, ಸೊಂಟ ಹಿಡಿಯುವ ಸೀಟು ಇತ್ತು. ಬಕೆಟ್ಟಿನ ಆಕಾರ, ಅದಕ್ಕೇ ಬಕೆಟ್ ಸೀಟು ಅನ್ನುವ ಹೆಸರು. ಉದ್ದೇಶ ಸುರಕ್ಷತೆ ಅಲ್ಲ. ತಿರುವಿನಲ್ಲಿ ಚಾಲಕ ಸ್ಟಿಯರಿಂಗಿಗೆ ಜೋತು ಬೀಳದೆ ತಿರುಗಿಸುವಂತಾಗಲಿ ಅಂತ. ಬೆಲ್ಟು ಹಾಕಿಕೊಳ್ಳದವರೇ ಹೆಚ್ಚು. ಕಾರು ಮಗುಚಿದರೆ ಹೊರಗೆ ಎಸೆಯಲ್ಪಡುವುದೇ ಒಳ್ಳೆಯದು, ಒಳಗಿದ್ದರೆ ಬೆಂಕಿ ಅನ್ನುವ ನಂಬಿಕೆ ಇತ್ತು. ಫಾರ್ಮುಲಾ ಒನ್ ರೇಸಿನಲ್ಲಿ ಬೆಲ್ಟು ಕಡ್ಡಾಯವಾದದ್ದು 1972ರಲ್ಲಿ ಅಂದರೆ ನೋಡಿ.

ಆ ನಂಬಿಕೆಯನ್ನು ಮುರಿದವರಲ್ಲಿ ಒಬ್ಬರು ರೇಸಿನವರೇ ಅಲ್ಲ, ಅಮೆರಿಕಾದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. ಮನುಷ್ಯನ ದೇಹ ಎಷ್ಟು ಹೊಡೆತ ತಡೆಯುತ್ತದೆ ಅಂತ ನೋಡಲು ರಾಕೆಟ್ ಕಟ್ಟಿದ ಬಂಡಿಯ ಮೇಲೆ ಅವರೇ ಕೂತರು. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದಲ್ಲಿ ಗಂಟೆಗೆ ಸುಮಾರು 1,017 ಕಿಲೋಮೀಟರ್ ವೇಗಕ್ಕೆ ಹೋಗಿ, 1.4 ಸೆಕೆಂಡಿನಲ್ಲಿ ನಿಂತರು. ಅವರ ಮೈಮೇಲೆ ಬಿದ್ದ ಹೊಡೆತ ತೂಕದ 46 ಪಟ್ಟು. ಕಣ್ಣಿನಲ್ಲಿ ರಕ್ತ ತುಂಬಿತು. ಆದರೆ ಬದುಕಿದರು, 1999ರವರೆಗೂ ಬದುಕಿದರು. ಅವರು ತೋರಿಸಿಕೊಟ್ಟದ್ದು ಇಷ್ಟೇ: ಸೀಟು ಬಂಡಿಗೆ, ಮನುಷ್ಯ ಸೀಟಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ದೇಹ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ತಡೆಯುತ್ತದೆ. ಸಡಿಲ ಇದ್ದರೆ ಇಲ್ಲ.

ಐದು ವರ್ಷದ ನಂತರ, 1959ರಲ್ಲಿ, ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಮೂರು ಕಡೆ ಹಿಡಿಯುವ ಬೆಲ್ಟನ್ನು ತಂದರು. ಈಗ ಎಲ್ಲ ಕಾರಿನಲ್ಲೂ ಇರುವುದು ಅದೇ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಾಯ್ಟರ್ ಅನ್ನುವ ಮನೆತನದ ಬಾಡಿ ಕಾರ್ಖಾನೆ ಇತ್ತು, 1906ರದ್ದು. ಪೋರ್ಶೆ ಕಾರಿಗೆ ಬಾಡಿ ಮಾಡುತ್ತಿತ್ತು. 1963ರಲ್ಲಿ ಬಾಡಿಯ ಭಾಗವನ್ನು ಪೋರ್ಶೆಯೇ ಕೊಂಡಿತು. ಉಳಿದವರು ರೆಕಾರೋ ಅಂತ ಹೆಸರಿಟ್ಟುಕೊಂಡು ಸೀಟಿಗೆ ಇಳಿದರು. 1965ರ ಫ್ರಾಂಕ್‌ಫರ್ಟ್ ಮೇಳದಲ್ಲಿ ತಮ್ಮ ಸ್ಪೋರ್ಟ್ಸ್ ಸೀಟು ಇಟ್ಟರು. ಕಾರು ಕೊಂಡವನು ಕಂಪನಿಯ ಸೀಟು ತೆಗೆದು ಬೇರೆ ಸೀಟು ಹಾಕಿಸಿಕೊಳ್ಳುವ ವ್ಯಾಪಾರ ಬೆಳೆದದ್ದು ಹೀಗೆ. ಆಮೇಲೆ 1977ರಲ್ಲಿ ಇಟಲಿಯ ಟುರಿನ್‌ನಲ್ಲಿ ಸ್ಪಾರ್ಕೋ ಬಂತು. ಟುರಿನ್ ಅಂದರೆ ನಮ್ಮ ಟ್ಯಾಕ್ಸಿಯ ಫಿಯೆಟ್ಟಿನ ತವರು.

ನಮ್ಮ ಕಡೆ ಇದನ್ನೆಲ್ಲ ನೋಡಿದವರು ರ‍್ಯಾಲಿಯವರು. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯಾಗಿದ್ದ ಮದರಾಸಿನ ಶೋಳಾವರಂನಲ್ಲಿ ರೇಸು, ಬೆಂಗಳೂರಿನಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ಕೆ-1000 ರ‍್ಯಾಲಿ. ಕಾಫಿ ತೋಟದ ಮಣ್ಣು ದಾರಿಯಲ್ಲಿ ಫಿಯೆಟ್ಟು, ಅಂಬಾಸಿಡರು ಹಾರಿಸಿಕೊಂಡು ಹೋಗುವುದು ನಮ್ಮ ಮಲೆನಾಡಿನವರಿಗೆ ಹೊಸತಲ್ಲ. 1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಅನ್ನುವ ಪುಟ್ಟ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ, ಎರಡು ಬಾಗಿಲು, ಫೈಬರ್ ಗ್ಲಾಸ್ ಬಾಡಿ. ಸಂಸಾರಸ್ಥರು ಅದನ್ನು ಅಷ್ಟಾಗಿ ಕೊಳ್ಳಲಿಲ್ಲ. ಹಗುರ ಇದ್ದದ್ದರಿಂದ ರೇಸಿನವರು ಮೆಚ್ಚಿದರು. ಮಾರುತಿ ಬಂದ ಮೇಲೆ ಡಾಲ್ಫಿನ್ ಮರೆಯಾಯಿತು.

1998ರಲ್ಲಿ ಬೆಂಗಳೂರಿನಿಂದ ಮತ್ತೊಂದು ಫೈಬರ್ ಗ್ಲಾಸ್ ಸಾಹಸ, ಸ್ಯಾನ್ ಮೋಟಾರ್ಸಿನ ಸ್ಟಾರ್ಮ್. ವಿನ್ಯಾಸ ಫ್ರಾನ್ಸಿನದು, ಎಂಜಿನ್ನು ರೆನೋ, 1149 ಸಿಸಿ, 60 ಅಶ್ವಶಕ್ತಿಯ ಸುಮಾರು. ಈಗಿನ ಲೆಕ್ಕದಲ್ಲಿ ಅದೇನು ಶಕ್ತಿ ಅಂತ ನಗಬಹುದು. ಆದರೆ ಎರಡೇ ಸೀಟಿನ, ಚಾವಣಿ ತೆಗೆಯುವ ಕಾರನ್ನು ಭಾರತದಲ್ಲಿ ಮಾಡಿ ಅಂಗಡಿಯಲ್ಲಿ ಇಟ್ಟ ಧೈರ್ಯ ಸಣ್ಣದಲ್ಲ. ಹೆಚ್ಚು ಮಾರಾಟವಾಗಲಿಲ್ಲ. ಬಿಡಿಭಾಗ ಸಿಗದೆ ಎಷ್ಟೋ ಕಾರುಗಳು ಮೂಲೆ ಸೇರಿದವು. ಅಂಥದರಲ್ಲಿ ಒಂದು ನಮ್ಮ ಹುಡುಗನ ಕೈಗೆ ಸಿಕ್ಕಿತ್ತು. ಬೆಂಗಳೂರಿಗೆ ಆಗದ ಕಾರ್ಖಾನೆ ಕುರ್ಲಾಕ್ಕೆ ಬಂತು, ಬೆಂಗಳೂರಿನಲ್ಲಿ ಕೊನೆಗೂ ಆದ ಕಾರು ಕಾಟಾಯಿ ನಾಕಾಕ್ಕೆ ಬಂತು. ಅದರ ನೆಲಕ್ಕೆ ಎಲ್ಲೆಂದರಲ್ಲಿ ತೂತು ಕೊರೆಯುವುದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಆಗಲಿಲ್ಲ.

ಇನ್ನೊಂದು ಕಾರಣವೂ ಇತ್ತು. ನಮ್ಮ ಶೆಡ್ಡಿನಲ್ಲಿ ಒಮ್ಮೆ ಒಂದು ಸೀಟಿನ ಫ್ರೇಮು ವಾಪಸು ಬಂತು. ಫ್ರೇಮು ಸ್ವಲ್ಪ ಸೊಟ್ಟಗಾಗಿತ್ತು, ಮುರಿದಿರಲಿಲ್ಲ. ಬೋಲ್ಟುಗಳು ನಾಲ್ಕೂ ಹಾಗೇ ಇದ್ದವು, ನಟ್ಟು ಸಮೇತ. ಎರಡು ಬೋಲ್ಟಿನ ತುದಿಯಲ್ಲಿ ವಾಷರಿನ ಸುತ್ತ ಬಳೆಯ ಹಾಗೆ ಕಾರಿನ ನೆಲದ ತಗಡು ಹರಿದುಕೊಂಡು ಬಂದಿತ್ತು. ಎಲ್ಲೋ ಯಾರೋ ಕಂಪನಿಯ ತೂತು ಬಿಟ್ಟು ತಮಗೆ ಅನುಕೂಲವಾದ ಕಡೆ ಕೊರೆದು, ಸಣ್ಣ ವಾಷರು ಹಾಕಿ ಕೂರಿಸಿದ್ದರು. ಅದರಲ್ಲಿ ಕೂತಿದ್ದವರಿಗೆ ಏನಾಯಿತು ಅಂತ ತಂದವನನ್ನು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಫ್ರೇಮು ತೂಕಕ್ಕೆ ಹೋಯಿತು. ಆ ತಗಡಿನ ಬಳೆ ಮಾತ್ರ ಬಹಳ ದಿನ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ಲೆಕ್ಕ ಸುಲಭ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಅರ್ಧ ಮೀಟರಿನೊಳಗೆ ನಿಂತರೆ ಒಳಗಿನ ಪ್ರತಿಯೊಂದರ ತೂಕವೂ ಆ ಕ್ಷಣಕ್ಕೆ ಸುಮಾರು 20 ಪಟ್ಟಾಗುತ್ತದೆ. 70 ಕಿಲೋದ ಮನುಷ್ಯ ಹತ್ತಿರ ಹತ್ತಿರ 1,400 ಕಿಲೋ. ಬೆಲ್ಟು ಕಾರಿನ ಬಾಡಿಗೇ ಕಟ್ಟಿದ್ದರೆ ಮುಂದಿನ ಹೊಡೆತದಲ್ಲಿ ಆ ಭಾರ ಬೆಲ್ಟಿನ ಮೇಲೆ. ಬೆಲ್ಟಿನ ಒಂದು ತುದಿ ಸೀಟಿಗೆ ಕಟ್ಟಿದ್ದರೆ, ಅಥವಾ ಹಿಂದಿನಿಂದ ಲಾರಿ ಗುದ್ದಿದರೆ, ಭಾರ ಸೀಟಿನ ಮೇಲೆ, ಸೀಟಿನಿಂದ ಬೋಲ್ಟಿನ ಮೇಲೆ. ಈಗ 8 ಮಿಲಿಮೀಟರ್ ದಪ್ಪದ, ತಲೆಯ ಮೇಲೆ 8.8 ಅಂತ ಗುರುತಿರುವ ಒಂದು ಒಳ್ಳೆಯ ಬೋಲ್ಟು ಎರಡು ಟನ್ನಿನ ಮೇಲೆ ಎಳೆದರೂ ಸಡಿಲಿಸುವುದಿಲ್ಲ. ಹಾಗಾದರೆ ಹೋಗುವುದು ಯಾವುದು? ತಗಡು. ಬೋಲ್ಟು ಮುರಿಯುವುದಿಲ್ಲ, ನೆಲ ಹರಿಯುತ್ತದೆ.

ರೇಸಿನ ನಿಯಮ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅಂತಾರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ ನಿಯಮದಲ್ಲಿ ಸೀಟಿನ ಕಾಲುಗಳು ಕಾರಿಗೆ ಕನಿಷ್ಠ ನಾಲ್ಕು ಕಡೆ ಕೂರಬೇಕು, ಬೋಲ್ಟು 8 ಮಿಲಿಮೀಟರಿಗೆ ಕಡಿಮೆ ಇರಬಾರದು. ಕಾಲಿನ ತಗಡು ಉಕ್ಕಿನದಾದರೆ 3 ಮಿಲಿಮೀಟರ್, ಅಲ್ಯೂಮಿನಿಯಂ ಜಾತಿಯದಾದರೆ 5 ಮಿಲಿಮೀಟರ್ ದಪ್ಪ. ಎಲ್ಲಕ್ಕಿಂತ ಮುಖ್ಯ, ನೆಲದ ಕೆಳಗಿನಿಂದ ಪ್ರತಿ ಬೋಲ್ಟಿಗೂ ಒಂದು ಆಸರೆಯ ಪ್ಲೇಟು, ಕನಿಷ್ಠ 40 ಚದರ ಸೆಂಟಿಮೀಟರ್ ಹಿಡಿತ. ಅಂದರೆ ಆರೂವರೆ ಸೆಂಟಿಮೀಟರಿನ ಚೌಕ, ಸಣ್ಣ ಬಿಸ್ಕತ್ತಿನಷ್ಟು. ಸೀಟಿಗೂ ಒಂದು ಚೀಟಿ ಇರುತ್ತದೆ. 8855-1999 ಅಂತ ಅದರ ಮೇಲಿದ್ದರೆ ಆ ಸೀಟಿಗೆ ರೇಸಿನಲ್ಲಿ ತಯಾರಾದ ವರ್ಷದಿಂದ ಐದು ವರ್ಷ ಆಯುಷ್ಯ. ಹುಡುಗನ ಸೀಟಿನ ಚೀಟಿ ನೋಡಿದೆವು. ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ರೇಸಿಗೆ ನಡೆಯದು, ರಸ್ತೆಗೆ ಕೂರಬಹುದು. ಚಿಪ್ಪಿನಲ್ಲಿ ಬಿರುಕು ಇದೆಯಾ ಅಂತ ಬಟ್ಟೆ ತೆಗೆದು, ಬೆರಳಿನಿಂದ ತಟ್ಟಿ ತಟ್ಟಿ ನೋಡಿದೆವು. ಇರಲಿಲ್ಲ.

ಆಮೇಲೆ ಕಾರಿನ ನೆಲದ ಮ್ಯಾಟು ಎತ್ತಿದೆವು. ಹಿಂದಿನ ಮಾಲೀಕರು ಯಾರೋ ಒಮ್ಮೆ ಸೀಟು ಬದಲಾಯಿಸಿದ್ದರು. ಕಂಪನಿಯ ತೂತುಗಳಲ್ಲಿ ಎರಡನ್ನು ಎಂ-ಸೀಲ್ ಹಾಕಿ ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು! ಕಂಪನಿಯವರು ತೂತು ಕೊಟ್ಟ ಕಡೆಯೇ ಅವರು ಬಲವನ್ನೂ ಕೊಟ್ಟಿರುತ್ತಾರೆ. ಅದನ್ನು ಬಿಟ್ಟು ಪಕ್ಕದಲ್ಲಿ ಕೊರೆಯುವುದು ಅಂದರೆ ಮನೆಯ ಕಂಬ ಬಿಟ್ಟು ಪರದೆಗೆ ಮೊಳೆ ಹೊಡೆದ ಹಾಗೆ. ಕಾರನ್ನು ಎತ್ತಿ ಕೆಳಗಿನಿಂದ ನೋಡಿದಾಗ ಮಿಸ್ತ್ರಿಯವರೇ "ಅರೇ ಬಾಪ್ ರೇ" ಅಂದರು. ಅವರು ಕೊರೆಯಬೇಕೆಂದಿದ್ದ ಜಾಗದ ಕೆಳಗೆ ಎರಡು ಬೆರಳಿನ ಅಂತರದಲ್ಲಿ ಬ್ರೇಕಿನ ಪೈಪು ಹೋಗಿತ್ತು. ಆ ಮೇಲೆ ಅವರು ನನ್ನನ್ನು ವಿರೋಧಿಸಲಿಲ್ಲ. ನಿಜ ಹೇಳಬೇಕೆಂದರೆ ಕೈಕೆಲಸ ಅವರದೇ ಚೆನ್ನ. ನನಗೆ ಗೊತ್ತಿದ್ದದ್ದು ಎಣಿಸುವುದು ಮಾತ್ರ.

ಆ ವಾರ ಹುಡುಗ ಊರೆಲ್ಲ ತಿರುಗಿದ. ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ 3 ಮಿಲಿಮೀಟರ್ ಉಕ್ಕಿನ ಪ್ಲೇಟು ಕತ್ತರಿಸಿಕೊಂಡು ಬಂದ. ಮೂಲೆಗಳನ್ನು ಉರುಟು ಮಾಡಿಸಿದ, ಚೂಪಾದ ಮೂಲೆ ನೆಲವನ್ನು ಕತ್ತರಿಸುತ್ತದೆ. ನವಿ ಮುಂಬಯಿಯ ತುರ್ಭೆಯಿಂದ 8.8ರ ಬೋಲ್ಟು, ಬಿಚ್ಚಿಕೊಳ್ಳದ ನೈಲಾನ್ ನಟ್ಟು ತಂದ. ಸೀಟಿನ ಪಕ್ಕಕ್ಕೆ ಹಾಕುವ ಎಲ್ಲು ಆಕಾರದ ಕಾಲುಗಳನ್ನು ಗ್ರಿಲ್ಲಿನ ಪಟ್ಟಿ ಬಿಟ್ಟು ಸರಿಯಾದ ದಪ್ಪದಲ್ಲಿ ಮಾಡಿಸಿದೆವು. ಹಿಂದೆ ಮುಂದೆ ಜಾರುವ ರೇಲು ಅವನು ತಂದದ್ದು ಒಂದೇ ಪಕ್ಕ ಲಾಕ್ ಆಗುವಂಥದ್ದು. ಅದನ್ನು ವಾಪಸು ಮಾಡಿ ಎರಡೂ ಪಕ್ಕ ಲಾಕ್ ಆಗುವುದನ್ನು ತರಿಸಿದೆವು. ಎಂ-ಸೀಲ್ ಕೆತ್ತಿ ನಾಲ್ಕು ತೂತೂ ಬಿಡಿಸಿ, ತುಕ್ಕು ಉಜ್ಜಿ, ಪ್ರೈಮರ್ ಬಳಿದು, ಕೆಳಗೆ ಮೇಲೆ ಪ್ಲೇಟು ಕೊಟ್ಟು ಬಿಗಿದೆವು. ಫೈಬರ್ ಇರುವ ಕಡೆ ಬೋಲ್ಟಿಗೆ ಉಕ್ಕಿನ ಕೊಳವೆ ತೊಡಿಸಬೇಕು. ಇಲ್ಲವಾದರೆ ಬಿಗಿದಷ್ಟೂ ಫೈಬರ್ ಒಳಗೇ ಪುಡಿಯಾಗುತ್ತದೆ, ನಮಗೆ ಮಾತ್ರ ಬಿಗಿಯಾಗಿದೆ ಅನ್ನಿಸುತ್ತದೆ.

ಬೆಲ್ಟಿನ ಬಕಲ್ ಹಳೇ ಸೀಟಿನ ಜೊತೆಯಲ್ಲೇ ಹೊರಗೆ ಬಂದಿತ್ತು. ಇದು ಬಹಳ ಜನ ಗಮನಿಸದ ವಿಷಯ. ಸೀಟು ಬದಲಾಯಿಸಿದ ದಿನ ಬಕಲ್ಲಿಗೆ ಜಾಗವೇ ಇರುವುದಿಲ್ಲ, ಎಲ್ಲೋ ಒಂದು ಸಣ್ಣ ಸ್ಕ್ರೂ ಹಾಕಿ ಸಿಕ್ಕಿಸುತ್ತಾರೆ. ಬೆಲ್ಟಿನ ಬೋಲ್ಟು ಬೇರೆಯೇ ಜಾತಿ, ಸಾಮಾನ್ಯವಾಗಿ 7/16 ಇಂಚಿನದು. ಅದೇ ಅಳತೆಯದನ್ನು, ಪ್ಲೇಟಿನ ಮೂಲಕ, ಬಲವಿರುವ ಕಡೆಯೇ ಹಾಕಿಸಿದೆವು.

ಕೊನೆಯ ಜಗಳ ಕೆಂಪು ಬೆಲ್ಟಿನದು. ಹುಡುಗ ಎರಡು ಭುಜದ ಮೇಲೆ ಬರುವ, ನಾಲ್ಕು ಕಡೆ ಕಟ್ಟುವ ರೇಸಿನ ಬೆಲ್ಟು ತಂದಿದ್ದ. ನೋಡಲು ಚಂದ. ಆದರೆ ಭುಜದ ಪಟ್ಟಿ ಹಿಂದಕ್ಕೆ ಹೆಚ್ಚು ಕಡಿಮೆ ನೇರವಾಗಿ ಹೋಗಬೇಕು, 45 ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಅನ್ನುತ್ತದೆ ನಿಯಮ. ಅವನ ಕಾರಿನಲ್ಲಿ ಹಿಂದೆ ಕಟ್ಟಲು ಪೈಪಿನ ಚೌಕಟ್ಟಿಲ್ಲ. ನೆಲಕ್ಕೇ ಕಟ್ಟಿದರೆ ಹೊಡೆತ ಬಿದ್ದಾಗ ಪಟ್ಟಿ ಭುಜವನ್ನು ಕೆಳಕ್ಕೆ ಒತ್ತಿ ಬೆನ್ನುಮೂಳೆಗೆ ಕೆಲಸ ಕೊಡುತ್ತದೆ. ಕಾಲುಗಳ ನಡುವಿನಿಂದ ಬರುವ ಐದನೇ ಪಟ್ಟಿ ಇಲ್ಲದಿದ್ದರೆ ಸೊಂಟದ ಪಟ್ಟಿ ಹೊಟ್ಟೆಗೆ ಏರುತ್ತದೆ, ಮನುಷ್ಯ ಕೆಳಗಿನಿಂದ ಜಾರುತ್ತಾನೆ. "ಆದರೆ ರೇಸಲ್ಲಿ ಎಲ್ಲರೂ ಇದನ್ನೇ ಹಾಕ್ತಾರಲ್ಲ ಅಂಕಲ್?" ಅಂದ. "ರೇಸಲ್ಲಿ ಹಿಂದೆ ಚೌಕಟ್ಟು, ತಲೆಗೆ ಹೆಲ್ಮೆಟು ಎಲ್ಲ ಇರ್ತದೆ ಮಗಾ. ನಿನಗೆ ಇರುವುದು ಶಿಳ್ ಫಾಟಾದ ಟ್ರಾಫಿಕ್ಕು" ಅಂದೆ. ಅವನ ಅಪ್ಪ ಏನೂ ಹೇಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಪಾಲ್‌ಘರದ ಸೂರ್ಯಾ ನದಿಯ ಸೇತುವೆಯ ಮೇಲೆ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ನೆನಪಿದೆಯಾ ಅಂತ ಮಾತ್ರ ಕೇಳಿದರು. ದೊಡ್ಡ ಕಂಪನಿಯ ಕಾರು, ಎಲ್ಲ ಸೌಕರ್ಯ, ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟು ಹಾಕಿರಲಿಲ್ಲ. ಹುಡುಗ ಸುಮ್ಮನಾದ. ಮೂರು ಕಡೆಯ ಹಳೇ ಬೆಲ್ಟೇ ಉಳಿಯಿತು. ಅದರ ಸೊಂಟದ ಪಟ್ಟಿ ಸೀಟಿನ ಎತ್ತಿದ ಪಕ್ಕದ ಮೇಲೆ ತೇಲದೆ, ತೂತಿನೊಳಗಿಂದ ಹೋಗಿ ಸೊಂಟದ ಮೂಳೆಯ ಮೇಲೆ ಕೂರುವ ಹಾಗೆ ನೋಡಿಕೊಂಡೆವು.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಸಿ ಪುಸ್ತಕದಲ್ಲಿ ಎಷ್ಟು ಜನ ಕೂರಬಹುದು ಅಂತ ಇರುತ್ತದೆ, ಅದು ಬದಲಾಗಬಾರದು. ವಿಮೆಯವರಿಗೆ ಬರೆದು ತಿಳಿಸುವುದು ಒಳ್ಳೆಯದು. ಪಕ್ಕದ ಗಾಳಿಚೀಲ ಸೀಟಿನೊಳಗೇ ಇರುವ ಹೊಸ ಕಾರುಗಳಲ್ಲಂತೂ ಸೀಟು ಕೀಳುವ ಯೋಚನೆಯನ್ನೇ ಬಿಡಬೇಕು.

ಮುಂದಿನ ಭಾನುವಾರ ಹುಡುಗನನ್ನು ಕೂರಿಸಿ ನೋಡಿದೆವು. ಬೆನ್ನು ಸೀಟಿಗೆ ತಾಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ಬರಬೇಕು, ಕ್ಲಚ್ಚು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಬಂತು. ಕಾಟಾಯಿಯಿಂದ ಶಿಳ್ ಫಾಟಾ, ಮಹಾಪೆ ದಾಟಿ ವಾಶಿಯವರೆಗೆ ಒಂದು ಸುತ್ತು ಹೋಗಿ ಬಂದೆವು. ಪಕ್ಕದ ಸೀಟಿನಲ್ಲಿ ನಾನು. ವಾಪಸು ಬಂದ ಮೇಲೆ ನಾಲ್ಕೂ ಬೋಲ್ಟನ್ನು ಮತ್ತೊಮ್ಮೆ ಬಿಗಿದು ನೋಡಿದೆವು. ಒಂದು ಕಾಲು ಸುತ್ತು ತಿರುಗಿತು. ಅದಕ್ಕೇ ಎರಡನೇ ಸಲ ನೋಡಬೇಕು ಅನ್ನುವುದು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಮೂರನೇ ಸಲ.

ಆ ಟ್ಯಾಕ್ಸಿಗಳ ಕತೆ ಮುಗಿದಿದೆ. ಪದ್ಮಿನಿಯ ತಯಾರಿ 2000ದ ಸುಮಾರಿಗೆ ನಿಂತಿತು. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿ 2003ರ ಅಕ್ಟೋಬರಿನದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆಯಿಂದ ಇಳಿಯಿತು. ಬೆಂಚಿನ ಸೀಟಿನ ಮೇಲೆ ಮೂವರು ಒತ್ತಿ ಕೂತು ಬಂದದ್ದು ಈಗ ನೆನಪು ಮಾತ್ರ. ಆಗ ನಮ್ಮನ್ನು ಹಿಡಿದಿದ್ದದ್ದು ಪಕ್ಕದವರ ಭುಜ ಮತ್ತು ಅದೃಷ್ಟ. ಹುಡುಗನ ಕಾಲಕ್ಕೆ ಒಳ್ಳೆಯ ಸೀಟು ಬಂದಿದೆ, ಒಳ್ಳೆಯ ಬೆಲ್ಟು ಬಂದಿದೆ. ಕಾಣದ ನಾಲ್ಕು ಬೋಲ್ಟು ಮಾತ್ರ ಈಗಲೂ ಯಾರಾದರೂ ಬಗ್ಗಿ, ನೆಲಕ್ಕೆ ಮುಖ ತಾಗಿಸಿ ನೋಡಲೇಬೇಕು.

ಮೊನ್ನೆ ಮತ್ತೆ ಭಾನುವಾರ ಫೋನು ಬಂತು. ಈ ಸಲ ಹುಡುಗನೇ. "ಅಂಕಲ್, ಸಾವಿರ ಕಿಲೋಮೀಟರ್ ಆಯ್ತು. ಬಿಗಿದು ನೋಡಿದೆ. ಒಂದೂ ತಿರುಗಲಿಲ್ಲ" ಅಂದ. ಸಂಘದ ಮೀಟಿಂಗಿಗೆ ಹೊರಟಿದ್ದವನು ಚಪ್ಪಲಿ ಹಾಕಿಕೊಳ್ಳುತ್ತಾ ನನ್ನಷ್ಟಕ್ಕೇ ನಕ್ಕೆ.